ಹದಿನೈದು ಡಾಲರ್‌ನ ಶೂ

ಬ್ಯಾಸ್ಕೆಟ್‌ಬಾಲ್ ಶೂಗಳ ಬೆಲೆ ನೋಡಿದಾಗೆಲ್ಲ ನನಗೆ ಸ್ಟೆಫಾನ್ ಮಾರ್ಬರಿ ನೆನಪಾಗುತ್ತಾನೆ. ನ್ಯೂಯಾರ್ಕ್ ನಿಕ್ಸ್ ತಂಡದಲ್ಲಿ ಆಡುತ್ತಿದ್ದವನು. 2006ರಲ್ಲಿ ‘ಸ್ಟಾರ್‌ಬರಿ’ ಅಂತ ತನ್ನದೇ ಶೂ ತಂದ. ಬೆಲೆ 14.98 ಡಾಲರ್! ಮೈಕಲ್ ಜೋರ್ಡಾನ್ ಎಂಬ ಆಟಗಾರನ ಹೆಸರಲ್ಲಿ ನೈಕಿ ಕಂಪನಿ ಮಾಡುವ ಜೋರ್ಡಾನ್ ಶೂಗಳು ಆಗಲೇ ನೂರು ಡಾಲರ್ ದಾಟಿ ಎಷ್ಟೋ ವರ್ಷವಾಗಿತ್ತು. ಮಾರ್ಬರಿ ನ್ಯೂಯಾರ್ಕಿನ ಬ್ರೂಕ್ಲಿನ್‌ನ ಕೋನಿ ಐಲೆಂಡ್ ಹುಡುಗ, ಏಳು ಮಕ್ಕಳ ಮನೆ. ಅಲ್ಲಿ ಒಂದು ಜೊತೆ ಶೂಗೆ ನೂರು ಡಾಲರ್ ಅಂದರೆ ತಮಾಷೆನಾ? ಸುಮ್ನೆ ಜಾಹೀರಾತಿಗಷ್ಟೇ ಅಲ್ಲ, ಆ ಸ್ಟಾರ್‌ಬರಿಯನ್ನೇ ಹಾಕಿಕೊಂಡು ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎ ಪಂದ್ಯಗಳನ್ನೂ ಆಡಿದ.

ಹಾಗಾದರೆ ದೊಡ್ಡ ಬ್ರ್ಯಾಂಡ್‌ನ ಶೂಗೆ ಕೊಡುವ ದುಡ್ಡು ಎಲ್ಲಿಗೆ ಹೋಗುತ್ತೆ? ಸುಮಾರು ಅರ್ಧ ಅಂಗಡಿಯವರಿಗೇ. ಆಮೇಲೆ ಹಡಗಿನ ಬಾಡಿಗೆ, ಆಮದು ಸುಂಕ, ಜಾಹೀರಾತು, ಹೆಸರು ಕೊಟ್ಟ ಆಟಗಾರನ ಪಾಲು, ಕಂಪನಿಯ ಲಾಭ. ಶೂ ತಿರುಗಿಸಿ ನೋಡಿ, ಅಡಿಯಲ್ಲಿ ಅಂಕುಡೊಂಕು ಗೆರೆಗಳಿರುತ್ತವೆ. ಓಡುತ್ತಾ ತಟ್ಟನೆ ನಿಂತಾಗ ಮರದ ನೆಲವನ್ನು ಹಿಡಿದು ‘ಕೀಂಯ್’ ಅನ್ನೋದು ಅವೇ. ಆಟಕ್ಕೆ ಬೇಕಾದ ಆ ರಬ್ಬರು, ಅಂಟು, ಹೊಲಿಗೆ, ಕೂಲಿ ಬೆಲೆಯಲ್ಲಿ ಸಣ್ಣ ಪಾಲು ಅಷ್ಟೇ.

ಸ್ಟಾರ್‌ಬರಿ ಮಾರುತ್ತಿದ್ದುದು ಸ್ಟೀವ್ ಅಂಡ್ ಬ್ಯಾರೀಸ್ ಅನ್ನೋ ಒಂದೇ ಅಂಗಡಿ ಸರಣಿ. 2008ರಲ್ಲಿ ಅದು ದಿವಾಳಿಯಾಯಿತು, ಶೂ ಕೂಡ ಕಾಣೆಯಾಯಿತು. ಜೋರ್ಡಾನ್‌ದೋ? 1985ರಲ್ಲಿ 65 ಡಾಲರ್ ಇದ್ದ ಮೊದಲ ಮಾಡೆಲ್ಲನ್ನೇ ಮತ್ತೆ ಮಾಡಿ 180ಕ್ಕೆ ಮಾರಿದರು. ಜನ ಕ್ಯೂ ನಿಂತು ಕೊಂಡರು. ಅದರಲ್ಲಿ ಆಡುವವರಿಗಿಂತ ಪೆಟ್ಟಿಗೆ ಸಮೇತ ಜೋಪಾನ ಮಾಡುವವರೇ ಜಾಸ್ತಿ ಅನ್ನೋದು ನನ್ನ ಗುಮಾನಿ.