ಎರಡು ನಾಮಕರಣಗಳ ನಡುವೆ

2019ರ ಏಪ್ರಿಲ್ 1ರಂದು, ಬೆಳಿಗ್ಗೆ ಹನ್ನೊಂದೂಮುಕ್ಕಾಲರ ಸುಮಾರಿಗೆ, ಟೋಕಿಯೋದ ನಮ್ಮ ಕಚೇರಿಯಲ್ಲಿ ಎಲ್ಲರೂ ಕೆಲಸ ಬಿಟ್ಟು ಗೋಡೆಯ ಟಿ.ವಿ.ಯ ಮುಂದೆ ಬಂದು ನಿಂತಿದ್ದೆವು. ಸಂಪುಟದ ಮುಖ್ಯ ಕಾರ್ಯದರ್ಶಿ ಯೋಶಿಹಿದೆ ಸುಗಾ ಅವರು ಚೌಕಟ್ಟು ಹಾಕಿದ ಬಿಳಿಯ ಹಾಳೆಯೊಂದನ್ನು ಎತ್ತಿ ಹಿಡಿದರು. ಅದರ ಮೇಲೆ ಕುಂಚದಿಂದ ಬರೆದ ಎರಡೇ ಅಕ್ಷರಗಳಿದ್ದವು: ರೇವಾ. ಒಂದು ಕ್ಷಣ ಎಲ್ಲರೂ ಸುಮ್ಮನಿದ್ದರು, ಮರುಕ್ಷಣ ಕೀಲಿಮಣೆಗಳ ಸದ್ದು ಶುರುವಾಯಿತು.

ಜಪಾನಿನಲ್ಲಿ ಒಬ್ಬೊಬ್ಬ ಚಕ್ರವರ್ತಿಯ ಕಾಲಕ್ಕೂ ಒಂದೊಂದು ಹೆಸರಿದ್ದು, ಸರ್ಕಾರಿ ಕಾಗದಗಳಲ್ಲಿ, ವಿಮೆಯ ಪತ್ರಗಳಲ್ಲಿ, ವಾಹನ ಚಾಲನಾ ಪರವಾನಗಿಯಲ್ಲಿ ವರ್ಷವನ್ನು ಆ ಹೆಸರಿನಿಂದಲೇ ಎಣಿಸುವುದು ರೂಢಿ. 1989ರ ಜನವರಿಯಲ್ಲಿ ಆರಂಭವಾದ ಹೇಸೇ ಕಾಲ ಮೂವತ್ತೊಂದನೆಯ ವರ್ಷದಲ್ಲಿತ್ತು. ಚಕ್ರವರ್ತಿ ಅಕಿಹಿತೋ ಏಪ್ರಿಲ್ 30ಕ್ಕೆ ತಾವಾಗಿ ಸಿಂಹಾಸನದಿಂದ ಇಳಿಯುವವರಿದ್ದರು; ಸುಮಾರು ಇನ್ನೂರು ವರ್ಷಗಳಿಂದ ಅಲ್ಲಿ ಯಾರೂ ಹಾಗೆ ಇಳಿದಿರಲಿಲ್ಲ. ಮೇ 1ರಿಂದ ಹೊಸ ಹೆಸರು. ಅಂದರೆ ವಿಮಾ ಕಂಪನಿಯೊಂದರ ಸಾಫ್ಟ್‌ವೇರ್ ನೋಡಿಕೊಳ್ಳುತ್ತಿದ್ದ ನಮ್ಮ ಒಂಬತ್ತು ಜನರ ತಂಡಕ್ಕೆ, ದಿನಾಂಕ ಅಚ್ಚಾಗುವ ಪ್ರತಿಯೊಂದು ನಮೂನೆಯನ್ನೂ ತಿದ್ದಿ, ಪರೀಕ್ಷಿಸಿ ಮುಗಿಸಲು ಸರಿಯಾಗಿ ಒಂದು ತಿಂಗಳ ಸಮಯವಿತ್ತು. ನಮ್ಮೂರಿನ ಪುರೋಹಿತರು ಅದೇ ಏಪ್ರಿಲ್ 6ರ ಯುಗಾದಿಯ ದಿನ ಯಾವ ಪರೀಕ್ಷೆಯೂ ಇಲ್ಲದೆ ಸಂಕಲ್ಪದಲ್ಲಿ ವಿಳಂಬಿಯನ್ನು ಬಿಟ್ಟು ವಿಕಾರಿ ಸಂವತ್ಸರಕ್ಕೆ ದಾಟಿದರೆಂಬುದು ಆಮೇಲೆ ಹೊಳೆದು ನಗು ಬಂದಿತ್ತು.

ಪತ್ನಿ ಆಗ ಸಾಗರದ ತವರಿನಲ್ಲಿದ್ದಳು. ವೈದ್ಯರು ಹೇಳಿದ್ದ ದಿನಾಂಕ ಮೇ ಎರಡನೆಯ ವಾರದ್ದು. ಹೀಗಾಗಿ ಏಪ್ರಿಲ್ 27ರಿಂದ ಮೇ 6ರವರೆಗೆ ಹತ್ತು ದಿನ ಒಟ್ಟಿಗೆ ಬಂದಿದ್ದ ರಜೆಯಲ್ಲಿ ಯಾರು ಯಾರು ಕಚೇರಿಯಲ್ಲಿರಬಲ್ಲರೆಂದು ತಂಡದ ಹಿರಿಯರು ಕೇಳಿದಾಗ, ಮಕ್ಕಳೊಂದಿಗೆ ಊರಿಗೆ ಹೋಗಬೇಕೆಂದಿದ್ದ ಸಹೋದ್ಯೋಗಿಗಳು ತಲೆ ತಗ್ಗಿಸಿ ಕುಳಿತಿದ್ದಾಗ, ಕೈ ಎತ್ತಿದವನು ನಾನು. ನನ್ನನ್ನು ಯಾರೂ ಬಲವಂತ ಮಾಡಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಮುಂದೆ ಎಷ್ಟೋ ದಿನ ನಾನು ಈ ಕಥೆಯನ್ನು ಕಂಪನಿಯ ಮೇಲಿನ ದೂರಾಗಿ ಹೇಳುತ್ತಿದ್ದೆ.

ಮಗು ಏಪ್ರಿಲ್ 20ರಂದೇ ಹುಟ್ಟಿತು. ಹೆಣ್ಣು. ಸೋಮವಾರ ಕಚೇರಿಯಲ್ಲಿ ಸುದ್ದಿ ತಿಳಿಸಿದಾಗ ಎಲ್ಲರೂ ಎದ್ದು ನಿಂತು ಅಭಿನಂದಿಸಿದರು. ಊರಿಗೆ ಯಾವಾಗ ಹೋಗುತ್ತೀರಿ ಎಂದು ಹಿರಿಯರು ಕೇಳಿದರು. ನಾನು ‘ದೈಜೋಬು ದೆಸು’ ಎಂದೆ. ‘ಪರವಾಗಿಲ್ಲ, ತೊಂದರೆಯೇನಿಲ್ಲ’ ಎಂಬ ಅರ್ಥದ ಈ ಮಾತಿನಷ್ಟು ನನಗೆ ಬೇಗ ರೂಢಿಯಾದ ಜಪಾನೀ ಮಾತು ಇನ್ನೊಂದಿಲ್ಲ. ಕೆಲಸ ಮುಗಿಯಲಿ, ಆಮೇಲೆ ಹೋಗುತ್ತೇನೆ ಎಂದು ಸೇರಿಸಿದೆ. ಅವರು ಸ್ವಲ್ಪ ಹೊತ್ತು ನನ್ನನ್ನು ನೋಡಿ ತಲೆಯಾಡಿಸಿದರು.

ಅಲ್ಲಿನ ಕಾನೂನು ನನ್ನ ಪರವಾಗಿಯೇ ಇತ್ತು. ಮಗುವಿಗೆ ಒಂದು ವರ್ಷ ತುಂಬುವವರೆಗೆ ತಂದೆಯೂ ಪಾಲನೆಯ ರಜೆ ಪಡೆಯಬಹುದು. ದೊಡ್ಡ ಕಂಪನಿಗಳಲ್ಲಿ ಹೆಚ್ಚುವರಿ ದುಡಿಮೆಗೆ ತಿಂಗಳಿಗೆ 45 ಗಂಟೆಯ ಸಾಮಾನ್ಯ ಮಿತಿ ಹಾಕಿದ ಕಾನೂನು ಜಾರಿಗೆ ಬಂದದ್ದೂ ಆ ಏಪ್ರಿಲ್ 1ರಂದೇ. ಸಿಬ್ಬಂದಿ ವಿಭಾಗದ ಹೆಣ್ಣುಮಗಳೊಬ್ಬಳು ಪಾಲನೆಯ ರಜೆಯ ಅರ್ಜಿಯನ್ನು ಪಾರದರ್ಶಕ ಕಡತದಲ್ಲಿಟ್ಟು, ತುಂಬಬೇಕಾದ ಕಡೆಯಲ್ಲೆಲ್ಲ ಪೆನ್ಸಿಲಿನಿಂದ ಗುರುತು ಮಾಡಿ ಕೊಟ್ಟಿದ್ದಳು. ನಾನದನ್ನು ಮೇಜಿನ ಎರಡನೆಯ ಖಾನೆಯಲ್ಲಿ ಇಟ್ಟೆ. ಹಿಂದಿನ ವರ್ಷ ಇಡೀ ದೇಶದಲ್ಲಿ ಈ ರಜೆ ಪಡೆದ ಗಂಡಸರು ನೂರಕ್ಕೆ ಆರು ಮಂದಿಯಷ್ಟೇ. ನಮ್ಮ ಮಹಡಿಯಲ್ಲಿ ಒಬ್ಬರೂ ಇರಲಿಲ್ಲ. ಸಂಜೆ ಮನೆಗೆ ಹೊರಡುವಾಗಲೂ ‘ನಿಮಗಿಂತ ಮೊದಲು ಹೋಗುತ್ತಿದ್ದೇನೆ, ಕ್ಷಮಿಸಿ’ ಎಂದು ಹೇಳಿಯೇ ಹೊರಡುವ ಕಡೆ, ಮೊದಲಿಗನಾಗಿ ಆ ಕಾಗದ ಕೊಡುವ ಧೈರ್ಯ ನನಗಿರಲಿಲ್ಲ. ಧೈರ್ಯದ ಮಾತೂ ಪೂರ್ತಿ ನಿಜವಲ್ಲ. ಹೊರದೇಶದವನಾದರೂ ತಮ್ಮವರಂತೆಯೇ ದುಡಿಯುತ್ತಾನೆ ಎಂದು ಅವರು ಹೇಳುವುದನ್ನು ಕೇಳಬೇಕೆಂಬ ಆಸೆ ನನಗಿತ್ತು. ನಿಷ್ಠೆ ಎಂದು ನಾನು ಕರೆಯುತ್ತಿದ್ದುದರಲ್ಲಿ ಅರ್ಧಕ್ಕಿಂತ ಹೆಚ್ಚಿನದು ಈ ಆಸೆಯೇ.

ಹನ್ನೆರಡನೆಯ ದಿನಕ್ಕೆ, ಅಂದರೆ ಮೇ 1ರ ಬೆಳಿಗ್ಗೆ ಹತ್ತೂವರೆಗೆ, ನಾಮಕರಣದ ಮುಹೂರ್ತ ನಿಗದಿಯಾಯಿತು. ಫೋನಿನಲ್ಲಿ ಅದನ್ನು ಹೇಳಿದ ಪತ್ನಿ ‘ಬನ್ನಿ’ ಎನ್ನಲಿಲ್ಲ. ‘ಅವತ್ತೇ ಅಲ್ವಾ ನಿಮ್ಮದೂ ನಾಮಕರಣ?’ ಎಂದಳಷ್ಟೇ. ಕಚೇರಿಯಲ್ಲಿ ನಾನು ಈ ವಿಷಯವನ್ನು ಯಾರಿಗೂ ತಿಳಿಸಲಿಲ್ಲ.

ಏಪ್ರಿಲ್ 30ರ ರಾತ್ರಿ ಟೋಕಿಯೋದಲ್ಲಿ ಮಳೆ. ಹನ್ನೊಂದು ಗಂಟೆಗೆ ನಾವು ಐದು ಮಂದಿ ಕಚೇರಿಯಲ್ಲಿದ್ದೆವು. ಹನ್ನೆರಡು ಹೊಡೆಯಿತು, ಸಾಗರದಲ್ಲಿ ಆಗ ರಾತ್ರಿ ಎಂಟೂವರೆ. ತಿಂಗಳಿಡೀ ಹೆದರಿ ಕಾದ ಆ ಗಳಿಗೆಯಲ್ಲಿ ಏನೂ ಆಗಲಿಲ್ಲ. ಪರದೆಯ ಮೇಲೆ ದಿನಾಂಕಗಳು ಮೌನವಾಗಿ ಹೊಸ ಹೆಸರಿಗೆ ತಿರುಗಿದವು. ಒಂದು ರಸೀದಿಯಲ್ಲಿ ಮಾತ್ರ ‘ರೇವಾ 1’ ಎಂದು ಅಚ್ಚಾಯಿತು. ಮೊದಲ ವರ್ಷವನ್ನು ಅಂಕಿಯಲ್ಲಿ ಬರೆಯದೆ ‘ಗನ್ನೆನ್’, ಅಂದರೆ ಆದಿ ವರ್ಷ, ಎಂದೇ ಅಚ್ಚು ಹಾಕಬೇಕೆಂಬುದು ಗ್ರಾಹಕರ ಕಟ್ಟುನಿಟ್ಟು. ಅದನ್ನು ನನ್ನ ಪಕ್ಕದ ಹುಡುಗ ಇಪ್ಪತ್ತು ನಿಮಿಷದಲ್ಲಿ ಸರಿಪಡಿಸಿದ. ನಾನು ಅಂಗಡಿಯಿಂದ ಎಲ್ಲರಿಗೂ ಬಿಸಿ ಕಾಫಿಯ ಡಬ್ಬಿಗಳನ್ನು ತಂದುಕೊಟ್ಟೆ. ಆ ರಾತ್ರಿ ಕಂಪನಿಗೆ ನನ್ನಿಂದ ಆದ ಉಪಕಾರ ಅಷ್ಟೇ.

ಮರುದಿನ ಮಧ್ಯಾಹ್ನ ಎರಡಕ್ಕೆ ಸ್ವಲ್ಪ ಮುಂಚೆ ಗಾಜಿನ ಗೋಡೆಯ ಸಭಾ ಕೊಠಡಿಗೆ ಹೋಗಿ ಬಾಗಿಲು ಹಾಕಿಕೊಂಡು ಫೋನ್ ಹಚ್ಚಿದೆ. ಭಾವಮೈದುನ ಮೊಬೈಲ್ ಹಿಡಿದಿದ್ದ. ಹೊಗೆ, ಜನರ ಕಾಲುಗಳು, ಬಾಳೆ ಎಲೆಯ ತುದಿ, ಅತ್ತೆಯ ಸೀರೆಯ ಅಂಚು ಒಂದೊಂದಾಗಿ ಕಂಡು ಮರೆಯಾದವು. ಪುರೋಹಿತರು ವಿಕಾರಿ ನಾಮ ಸಂವತ್ಸರೇ, ವಸಂತ ಋತೌ, ಚೈತ್ರ ಮಾಸೇ ಎಂದು ಸಂಕಲ್ಪ ಹೇಳುತ್ತಿದ್ದವರು ನಡುವೆ ನಿಲ್ಲಿಸಿ, ‘ಯಜಮಾನರು ಇದರೊಳಗೇ ಇದ್ದಾರೋ?’ ಎಂದು ಮೊಬೈಲಿನತ್ತ ಬಾಗಿ ನೋಡಿದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ತಟ್ಟೆಯಲ್ಲಿ ಹರಡಿದ ಅಕ್ಕಿಯ ಮೇಲೆ ಚಿನ್ನದ ಉಂಗುರದಿಂದ ಹೆಸರು ಬರೆಯಬೇಕಾದವನು ನಾನು. ನನ್ನ ಬದಲು ಅಪ್ಪ ತಮ್ಮ ಉಂಗುರವನ್ನೇ ತೆಗೆದು ಬರೆಯಲು ಕೂತರು. ಬಹಳ ವರ್ಷಗಳಿಂದ ಬೆರಳಿನಲ್ಲಿದ್ದ ಉಂಗುರ ಸುಲಭಕ್ಕೆ ಬರಲಿಲ್ಲ. ಅಮ್ಮ ಕೊಬ್ಬರಿ ಎಣ್ಣೆ ಹಚ್ಚಿ ತಿರುಗಿಸಿದರು. ಮೊದಲ ಅಕ್ಷರದ ತಲೆಕಟ್ಟು ಬರೆಯುತ್ತಿದ್ದಾಗ ಚಿತ್ರ ಹಾಗೆಯೇ ನಿಂತುಬಿಟ್ಟಿತು.

ಧ್ವನಿ ಮಾತ್ರ ಬರುತ್ತಿತ್ತು. ‘ಭಾವ, ಪುಟ್ಟಿಯ ಬಲಗಿವಿಗೆ ಹಿಡಿದಿದ್ದೀನಿ, ಹೆಸರು ಹೇಳಿ’ ಎಂದ ಭಾವಮೈದುನ. ನಾನು ಬಾಯಿಗೆ ಕೈ ಅಡ್ಡ ಹಿಡಿದು, ಪಿಸುಮಾತಿನಲ್ಲಿ, ಮೂರು ಸಲ ಮಗಳ ಹೆಸರು ಹೇಳಿದೆ. ಮೊದಲ ಸಲಕ್ಕೇ ಕರೆ ಕಡಿದುಹೋಗಿತ್ತೆಂದು ರಾತ್ರಿ ಪತ್ನಿಯಿಂದ ತಿಳಿಯಿತು.

ತಲೆ ಎತ್ತಿದಾಗ ಗಾಜಿನಾಚೆ ಹಿರಿಯರು ನಿಂತಿದ್ದರು. ಅವರ ಸಂಸಾರ ಫುಕುವೋಕಾದಲ್ಲಿ. ವರ್ಗಾವಣೆಯಾದಾಗ ಮಕ್ಕಳ ಶಾಲೆ ಕೆಡಬಾರದೆಂದು ಗಂಡಸು ಒಬ್ಬನೇ ಹೊಸ ಊರಿಗೆ ಹೋಗಿ ಇರುವುದು ಅಲ್ಲಿ ಎಷ್ಟು ಸಾಮಾನ್ಯವೆಂದರೆ ಅದಕ್ಕೆ ‘ತನ್ಶಿನ್ ಫುನಿನ್’ ಎಂಬ ಹೆಸರೇ ಇದೆ. ಇವರು ಹಾಗೆ ಆರು ವರ್ಷಗಳಿಂದ ಟೋಕಿಯೋದಲ್ಲಿದ್ದರು. ಏನಾಯಿತೆಂದು ಕೇಳಿದರು, ಹೇಳಿದೆ. ಅವರು ಮೆಚ್ಚಿಕೊಳ್ಳಬಹುದೆಂಬ ನಿರೀಕ್ಷೆ ನನ್ನೊಳಗೆ ಆಗಲೂ ಇತ್ತೆಂಬುದನ್ನು ನೆನೆದರೆ ಈಗ ಮುಜುಗರವಾಗುತ್ತದೆ. ‘ನೀವು ಹೇಳಲೇ ಇಲ್ಲವಲ್ಲ’ ಎಂದರು. ಅವರ ಮುಖದಲ್ಲಿ ಇದ್ದದ್ದು ಮೆಚ್ಚುಗೆಯಲ್ಲ, ಸಿಟ್ಟು. ನೇರವಾಗಿ ಬಿಳಿ ಹಲಗೆಯ ಬಳಿ ಹೋಗಿ, ಮೇ 2ರಿಂದ 6ರವರೆಗಿನ ಪಾಳಿಯಲ್ಲಿದ್ದ ನನ್ನ ಹೆಸರನ್ನು ಅಂಗೈಯಿಂದಲೇ ಒರೆಸಿ, ಅಲ್ಲಿ ತಮ್ಮ ಹೆಸರು ಬರೆದರು.

ಹತ್ತು ದಿನಗಳ ರಜೆಯ ನಡುವೆ ನನ್ನ ಕೈಗೆಟುಕುವ ಬೆಲೆಗೆ ವಿಮಾನದ ಟಿಕೆಟ್ ಸಿಗಲಿಲ್ಲ. ಭಾರತೀಯರು ಬಹಳ ಮಂದಿ ನೆಲೆಸಿರುವ ನಿಶಿ ಕಸಾಯ್‌ನ ನನ್ನ ಒಂದು ಕೋಣೆಯ ಮನೆಯಲ್ಲಿ ಐದು ದಿನ ಸುಮ್ಮನೆ ಮಲಗಿದ್ದೆ. ಮೇ 11ರಂದು ಹೊರಟು, ಸಿಂಗಪುರದಲ್ಲಿ ವಿಮಾನ ಬದಲಿಸಿ, ಬೆಂಗಳೂರಿನಿಂದ ರಾತ್ರಿ ಬಸ್ಸು ಹಿಡಿದು ಸಾಗರ ತಲುಪಿದಾಗ ಮಗಳಿಗೆ ಮೂರು ವಾರ ದಾಟಿತ್ತು. ನಾಮಕರಣದ ಅಕ್ಕಿಯನ್ನು ಅಮ್ಮ ಡಬ್ಬಿಯೊಂದರಲ್ಲಿ ತೆಗೆದಿಟ್ಟಿದ್ದರು. ಅಂದು ಅದರಲ್ಲೇ ಪಾಯಸ ಮಾಡಿದರು. ಹಿಂತಿರುಗುವಾಗ ಸಹೋದ್ಯೋಗಿಗಳಿಗೆಂದು ತೊಡೆದೇವು ಒಯ್ದೆ. ಅವರು ಆ ತೆಳ್ಳನೆಯ ಹಾಳೆಗಳನ್ನು ಎರಡು ಕೈಯಲ್ಲೂ ಹಿಡಿದು, ಪುಡಿ ಮೇಜಿನ ಮೇಲೆ ಬೀಳದಂತೆ ಕರವಸ್ತ್ರ ಹಾಸಿಕೊಂಡು ತಿಂದರು.

ಅಕ್ಟೋಬರಿನಲ್ಲಿ ಅರ್ಧವಾರ್ಷಿಕ ಮೌಲ್ಯಮಾಪನದ ಪತ್ರ ಕೈಗೆ ಬಂತು. ತಾಂತ್ರಿಕ ಕೆಲಸಕ್ಕೆ ಒಳ್ಳೆಯ ಅಂಕಗಳಿದ್ದವು. ‘ಸುಧಾರಿಸಿಕೊಳ್ಳಬೇಕಾದದ್ದು’ ಎಂಬ ಕಡೆ ಹಿರಿಯರು ತಮ್ಮ ಕೈಯಾರೆ ಒಂದೇ ವಾಕ್ಯ ಬರೆದಿದ್ದರು. ಅದನ್ನು ಕನ್ನಡಕ್ಕೆ ತಿರುಗಿಸಿ ಪತ್ನಿಗೆ ಫೋನಿನಲ್ಲಿ ಓದಿ ಹೇಳಿದೆ: ‘ಮನೆಯ ಅಗತ್ಯಗಳನ್ನು ತಂಡಕ್ಕೆ ಮುಂಚಿತವಾಗಿ ತಿಳಿಸುವುದನ್ನು ರೂಢಿಸಿಕೊಳ್ಳಬೇಕು.’

ಆ ಕಡೆಯಿಂದ ಸ್ವಲ್ಪ ಹೊತ್ತು ಮಗಳ ಸದ್ದಷ್ಟೇ ಕೇಳುತ್ತಿತ್ತು. ‘ಅದರ ಕೆಳಗೆ ನನ್ನದೂ ಒಂದು ಸಹಿ ಹಾಕಬಹುದಾ ಕೇಳಿ’ ಎಂದಳು.