ಡಿಸೆಂಬರ್‌ನಲ್ಲಿ ತಾಳಿದ ಓವರ್‌ಕ್ಲಾಕ್ ಏಪ್ರಿಲ್‌ನಲ್ಲೂ ತಾಳಬೇಕು

ಹಾಸನ, ಚಿಕ್ಕಮಗಳೂರಿನ ತಂಪು ಹವೆ ಓವರ್‌ಕ್ಲಾಕಿಂಗ್‌ಗೆ, ಅಂದರೆ ಕಂಪ್ಯೂಟರ್ ಪ್ರೊಸೆಸರನ್ನು ಕಂಪನಿ ನಿಗದಿ ಮಾಡಿದ್ದಕ್ಕಿಂತ ವೇಗವಾಗಿ ಓಡಿಸುವುದಕ್ಕೆ, ಹೇಳಿ ಮಾಡಿಸಿದ್ದು ಅಂತ ಬಹಳ ಜನ ನಂಬಿದ್ದಾರೆ. ಚಳಿಗಾಲದ ಮಟ್ಟಿಗೆ ಅದು ಸರಿ. ಆದರೆ ಬೇಸಿಗೆಯಲ್ಲಿ ಹೂಮಳೆ ಬೀಳುವ ಮುಂಚಿನ ಮಧ್ಯಾಹ್ನಗಳಲ್ಲಿ ಆರ್‌ಸಿಸಿ ಮನೆಯ ಮೇಲಿನ ಕೋಣೆ 33 ಡಿಗ್ರಿ ದಾಟುತ್ತದೆ, ತಾರಸಿ ರಾತ್ರಿಯಾದರೂ ಆರುವುದಿಲ್ಲ. ಇನ್ನೊಂದು ವಿಷಯ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ: ನಾವಿರುವುದು ಸುಮಾರು ಸಾವಿರ ಮೀಟರ್ ಎತ್ತರದಲ್ಲಿ. ಇಲ್ಲಿನ ಗಾಳಿ ಕಡಲತೀರದ ಗಾಳಿಗಿಂತ ಸುಮಾರು ಶೇಕಡ 9ರಷ್ಟು ತೆಳು. ಫ್ಯಾನ್ ಅಷ್ಟೇ ವೇಗದಲ್ಲಿ ತಿರುಗಿದರೂ ಹೊತ್ತೊಯ್ಯುವ ಶಾಖ ಕಡಿಮೆ.

ಅದಕ್ಕೇ ಪ್ರೊಸೆಸರ್ ತಾಪಮಾನದ ಜೊತೆಗೆ ಕೋಣೆಯ ತಾಪಮಾನವನ್ನೂ ಬರೆದಿಡಿ. ಎರಡರ ವ್ಯತ್ಯಾಸವೇ ನಿಮ್ಮ ಕೂಲರ್‌ನ ನಿಜವಾದ ಅಳತೆ. ಡಿಸೆಂಬರ್‌ನ ಬೆಳಗ್ಗೆ ಕೋಣೆ 18 ಡಿಗ್ರಿ, ಪೂರ್ತಿ ಲೋಡ್‌ನಲ್ಲಿ ಪ್ರೊಸೆಸರ್ 76 ಅಂದರೆ ವ್ಯತ್ಯಾಸ 58. ಕೋಣೆ 33ಕ್ಕೆ ಏರಿದ ದಿನ ಅದೇ ಯಂತ್ರ 91ರಲ್ಲಿ ನಿಂತಿರುತ್ತದೆ. ಇಲ್ಲಿ ಉದಾಹರಣೆಗೆ ತೆಗೆದುಕೊಂಡಿರುವ ಎಎಂಡಿಯ ರೈಜನ್ 5 5600ಎಕ್ಸ್ ಪ್ರೊಸೆಸರ್‌ನ ತಾಪಮಾನ ಮಿತಿ 95. ಕೂಲರ್‌ನ ಫಿನ್‌ಗಳಲ್ಲಿ (ತೆಳು ಲೋಹದ ಹಾಳೆಗಳಲ್ಲಿ) ಸ್ವಲ್ಪ ಧೂಳು ಕೂತರೆ ಸಾಕು, ವೇಗ ತಾನಾಗಿ ಇಳಿಯುತ್ತದೆ. ನನ್ನ ಪ್ರಕಾರ ಕೋಣೆ 33 ಇದ್ದಾಗ ಪೂರ್ತಿ ಲೋಡ್‌ನಲ್ಲಿ 85 ದಾಟದ ಸೆಟ್ಟಿಂಗ್ ಮಾತ್ರ ದಿನಬಳಕೆಗೆ ಯೋಗ್ಯ.

ಪ್ರೊಸೆಸರ್ ಒಳಗಿನ ಎಲ್ಲ ಕೋರ್‌ಗಳನ್ನೂ (ಲೆಕ್ಕ ಮಾಡುವ ಘಟಕಗಳನ್ನು) ಒಂದೇ ವೇಗಕ್ಕೆ ಕಟ್ಟಿಹಾಕಿ ವೋಲ್ಟೇಜ್ ಏರಿಸುವ ಹಳೇ ಪದ್ಧತಿ ಬಿಡುವುದು ಒಳ್ಳೆಯದು. ಪ್ರೊಸೆಸರ್ ಎಳೆಯುವ ವಿದ್ಯುತ್ತು ವೇಗದ ಜೊತೆಗೂ ವೋಲ್ಟೇಜ್‌ನ ವರ್ಗದ ಜೊತೆಗೂ ಏರುತ್ತದೆ. 4.4 ಗಿಗಾಹರ್ಟ್ಸ್, 1.20 ವೋಲ್ಟ್‌ನಿಂದ 4.6 ಗಿಗಾಹರ್ಟ್ಸ್, 1.30 ವೋಲ್ಟ್‌ಗೆ ಹೋದರೆ ಸಿಗುವ ವೇಗ ಶೇಕಡ 4.5, ಹೆಚ್ಚುವ ಶಾಖ ಶೇಕಡ 22ಕ್ಕೂ ಮೇಲೆ. ಜೊತೆಗೆ ಒಂದೆರಡು ಕೋರ್ ಮಾತ್ರ ಕೆಲಸ ಮಾಡುವಾಗ ಸಿಗುತ್ತಿದ್ದ ಹೆಚ್ಚುವರಿ ಬೂಸ್ಟ್ (ತಾನಾಗಿ ಏರುವ ವೇಗ) ಕೂಡ ಹೋಗುತ್ತದೆ.

ಬದಲಿಗೆ ಬಿ450, ಬಿ550 ಅಥವಾ ಎಕ್ಸ್570 ಮದರ್‌ಬೋರ್ಡಿನ ಬಯಾಸ್‌ನಲ್ಲಿ (ಕಂಪ್ಯೂಟರ್ ಆನ್ ಆಗುವಾಗ ತೆರೆಯುವ ಸೆಟ್ಟಿಂಗ್ ಪುಟದಲ್ಲಿ) ಬೂಸ್ಟ್ ಮಿತಿಗಳನ್ನು ಸಡಿಲಿಸುವ ಪ್ರಿಸಿಷನ್ ಬೂಸ್ಟ್ ಓವರ್‌ಡ್ರೈವ್ ತೆರೆದು ಅಡ್ವಾನ್ಸ್ಡ್ ಆರಿಸಿ. (ಎ520 ಬೋರ್ಡ್‌ಗಳಲ್ಲಿ ಓವರ್‌ಕ್ಲಾಕಿಂಗ್‌ಗೆ ಅವಕಾಶವಿಲ್ಲ.) ಮೊದಲು ಥರ್ಮಲ್ ಥ್ರಾಟಲ್ ಲಿಮಿಟ್ (ಯಾವ ತಾಪಮಾನದಲ್ಲಿ ಪ್ರೊಸೆಸರ್ ವೇಗ ಇಳಿಸಿಕೊಳ್ಳಬೇಕು ಅನ್ನುವ ಮಿತಿ) 85 ಮಾಡಿ, ಉಳಿದದ್ದೆಲ್ಲ ಆಮೇಲೆ. ಪೆಟ್ಟಿಗೆಯಲ್ಲೇ ಬಂದ ಚಿಕ್ಕ ಕೂಲರ್ ಇದ್ದರೆ ಪಿಪಿಟಿ ಮಿತಿಯನ್ನು (ಪ್ರೊಸೆಸರ್‌ಗೆ ಹೋಗುವ ಒಟ್ಟು ವಿದ್ಯುತ್ತಿನ ಮಿತಿ) ಕಂಪನಿಯ 76 ವ್ಯಾಟ್‌ನಲ್ಲೇ ಬಿಡಿ. 120 ಮಿಲಿಮೀಟರ್ ಫ್ಯಾನಿನ ಟವರ್ ಕೂಲರ್ ಇದ್ದರೆ 95 ವ್ಯಾಟ್‌ವರೆಗೆ ಹೋಗಬಹುದು. ಆಗ ಟಿಡಿಸಿ (ಸತತ ಕರೆಂಟಿನ ಮಿತಿ) 60ರಿಂದ 70 ಆಂಪಿಯರ್‌ಗೆ, ಇಡಿಸಿ (ಕ್ಷಣಿಕ ಗರಿಷ್ಠ ಕರೆಂಟಿನ ಮಿತಿ) 90ರಿಂದ 100ಕ್ಕೆ ಏರಿಸಿ. ಗರಿಷ್ಠ ವೇಗವನ್ನು ಏರಿಸುವ ಬೂಸ್ಟ್ ಓವರ್‌ರೈಡ್ 200 ಮೆಗಾಹರ್ಟ್ಸ್‌ವರೆಗೂ ಬಿಡುತ್ತದೆ, ಆದರೆ ಮೊದಲ ಸುತ್ತಿನಲ್ಲಿ ಸೊನ್ನೆಯೇ ಇರಲಿ.

ನಿಜವಾದ ಲಾಭ ಇರುವುದು ಅಲ್ಲೇ ಇರುವ, ಕೋರ್‌ಗಳ ವೋಲ್ಟೇಜ್ ಹೊಂದಿಸುವ ಕರ್ವ್ ಆಪ್ಟಿಮೈಜರ್‌ನಲ್ಲಿ. ನೆಗೆಟಿವ್ ಆರಿಸಿ ಎಲ್ಲ ಕೋರ್‌ಗೂ 10 ಕೊಡಿ. ಒಂದೊಂದು ಅಂಕಿಯೂ ವೋಲ್ಟೇಜನ್ನು ಸುಮಾರು 3ರಿಂದ 5 ಮಿಲಿವೋಲ್ಟ್ ಇಳಿಸುತ್ತದೆ. ವೋಲ್ಟೇಜ್ ಇಳಿದಷ್ಟೂ ಅದೇ ವ್ಯಾಟ್‌ನಲ್ಲಿ ವೇಗ ಹೆಚ್ಚು ಸಿಗುತ್ತದೆ. ಆದರೆ ಇಲ್ಲೇ ಬಹಳ ಜನ ಎಡವುವುದು. ಪ್ರೊಸೆಸರನ್ನು ಪೂರ್ತಿ ದುಡಿಸಿ ಅಳೆಯುವ ಸಿನಿಬೆಂಚ್ ಆರ್23 ಗಂಟೆಗಟ್ಟಲೆ ಓಡುತ್ತದೆ, ಸೆಟ್ಟಿಂಗ್ ಗಟ್ಟಿಯಾಯಿತು ಅಂದುಕೊಳ್ಳುತ್ತಾರೆ. ರಾತ್ರಿ ಬ್ರೌಸರ್ ತೆರೆದು ಸುಮ್ಮನೆ ಓದುತ್ತಿದ್ದಾಗ ಕಂಪ್ಯೂಟರ್ ರೀಸ್ಟಾರ್ಟ್ ಆಗುತ್ತದೆ. ಎಲ್ಲ ಕೋರ್ ದುಡಿಯುವಾಗ ವೇಗ ಕೆಳಗಿರುತ್ತದೆ, ಕಡಿಮೆ ವೋಲ್ಟೇಜ್ ಸಾಕಾಗುತ್ತದೆ. ಹಗುರ ಕೆಲಸದಲ್ಲಿ ಒಂದೇ ಕೋರ್ 4.6ರ ಮೇಲಕ್ಕೆ ಜಿಗಿಯುತ್ತದೆ, ಆಗ ಕಡಿತ ಮಾಡಿದ ವೋಲ್ಟೇಜ್ ಸಾಲುವುದಿಲ್ಲ. ಹಾಗಾಗಿ ಒಂದೊಂದೇ ಕೋರ್ ಪರೀಕ್ಷಿಸುವ ಕೋರ್‌ಸೈಕ್ಲರ್ ಅನ್ನು ರಾತ್ರಿಯಿಡೀ ಓಡಿಸಿ. ಯಾವ ಕೋರ್ ಸೋತಿತು ಅಂತ ಅದೇ ಹೇಳುತ್ತದೆ. ಆ ಕೋರ್‌ಗೆ ಮಾತ್ರ 3–5 ಅಂಕಿ ಹಿಂದಕ್ಕೆ ಬನ್ನಿ. ಎಎಂಡಿಯ ರೈಜನ್ ಮಾಸ್ಟರ್ ಸಾಫ್ಟ್‌ವೇರ್‌ನಲ್ಲಿ ನಕ್ಷತ್ರದ ಗುರುತಿರುವ ಉತ್ತಮ ಕೋರ್‌ಗಳೇ ಸಾಮಾನ್ಯವಾಗಿ ಮೊದಲು ಸೋಲುತ್ತವೆ, ಅವುಗಳ ವೋಲ್ಟೇಜ್ ಕಾರ್ಖಾನೆಯಲ್ಲೇ ಬಿಗಿಯಾಗಿರುತ್ತದೆ. ವಿಂಡೋಸ್‌ನ ಈವೆಂಟ್ ವ್ಯೂವರ್‌ನಲ್ಲಿ ಡಬ್ಲ್ಯೂಎಚ್‌ಇಎ ಎರರ್ (ಹಾರ್ಡ್‌ವೇರ್ ತಪ್ಪಿನ ದಾಖಲೆ) ಒಂದೇ ಒಂದು ಕಂಡರೂ ಆ ಸೆಟ್ಟಿಂಗ್ ಬೇಡ.

ಪರೀಕ್ಷೆ ಯುಪಿಎಸ್ ಇಲ್ಲದೆ ಬೇಡ. ಮಳೆ ಗಾಳಿಗೆ ಕರೆಂಟು ಹೋಗಿ ಬಂದು ಮಾಡುವ ನಮ್ಮೂರುಗಳಲ್ಲಿ ರೀಸ್ಟಾರ್ಟ್ ಆಗಿದ್ದು ಸೆಟ್ಟಿಂಗ್‌ನಿಂದಲೋ ಕರೆಂಟ್‌ನಿಂದಲೋ ಗೊತ್ತಾಗುವುದಿಲ್ಲ. ಕಂಪ್ಯೂಟರ್ ಪೂರ್ತಿ ಏಳದೇ ಹೋದರೆ ಪ್ಲಗ್ ಕಿತ್ತು, ಬೋರ್ಡಿನ ಕ್ಲಿಯರ್ ಸಿಮಾಸ್ ಪಿನ್‌ಗಳೆರಡನ್ನು ಸ್ಕ್ರೂಡ್ರೈವರ್ ತುದಿಯಿಂದ ಹತ್ತು ಸೆಕೆಂಡ್ ಮುಟ್ಟಿಸಿ ಹಿಡಿಯಿರಿ; ಸೆಟ್ಟಿಂಗ್ ಎಲ್ಲ ಮೊದಲಿನ ಸ್ಥಿತಿಗೆ ಬರುತ್ತದೆ. ಓವರ್‌ಕ್ಲಾಕಿಂಗ್‌ನಿಂದಾದ ಹಾನಿಗೆ ಎಎಂಡಿ ವಾರಂಟಿ ಅನ್ವಯಿಸುವುದಿಲ್ಲ ಅನ್ನುವುದು ನೆನಪಿರಲಿ.

ಕೂಲರ್ ಬದಲಿಸುವವರಿಗೆ ಒಂದು ಎಚ್ಚರಿಕೆ. ಎಎಂ4 ಸಾಕೆಟ್‌ನಲ್ಲಿ ಕೂರುವ ಇಂಥ ಪ್ರೊಸೆಸರ್‌ನ ಅಡಿಯಲ್ಲಿ 1331 ಪಿನ್‌ಗಳಿವೆ. ಕೂಲರ್‌ಗೂ ಪ್ರೊಸೆಸರ್‌ಗೂ ನಡುವೆ ಶಾಖ ದಾಟಿಸುವ ಹಳೇ ಪೇಸ್ಟ್ ಗಟ್ಟಿಯಾಗಿದ್ದರೆ, ಸಾಕೆಟ್‌ನ ಲಿವರ್ ಹಾಕಿದ್ದರೂ ಕೂಲರ್ ಎತ್ತುವಾಗ ಪ್ರೊಸೆಸರ್ ಜೊತೆಗೇ ಕಿತ್ತು ಬರುತ್ತದೆ, ಪಿನ್ ಬಾಗುತ್ತವೆ. ಕಂಪ್ಯೂಟರನ್ನು ಹತ್ತು ನಿಮಿಷ ಲೋಡ್‌ನಲ್ಲಿ ಓಡಿಸಿ ಪೇಸ್ಟ್ ಬಿಸಿ ಮಾಡಿ, ಆಫ್ ಮಾಡಿ ಪ್ಲಗ್ ತೆಗೆದು, ಕೂಲರನ್ನು ಎಡಕ್ಕೆ ಬಲಕ್ಕೆ ಮೆಲ್ಲಗೆ ತಿರುವುತ್ತಾ ಬಿಡಿಸಿ. ನೇರ ಮೇಲಕ್ಕೆ ಎಳೆಯಬೇಡಿ. ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಒರೆಸಿ, ದಪ್ಪ ಕಾಳುಮೆಣಸಿನಷ್ಟು ಹೊಸ ಪೇಸ್ಟ್ ನಡುವೆ ಇಟ್ಟು, ಸ್ಕ್ರೂಗಳನ್ನು ಎದುರುಬದುರಾಗಿ ಎರಡೆರಡೇ ಸುತ್ತು ಬಿಗಿ ಮಾಡುತ್ತಾ ಹೋಗಿ. ಒಂದು ಮೂಲೆಯನ್ನೇ ಪೂರ್ತಿ ಬಿಗಿದರೆ ಕೂಲರ್ ವಾಲಿ ಕೂರುತ್ತದೆ.

ಸಕಲೇಶಪುರ, ಮೂಡಿಗೆರೆ ಕಡೆಯವರು ಮಳೆಗಾಲದಲ್ಲಿ ಫಿನ್‌ಗಳ ಸಂದು ನೋಡುತ್ತಿರಬೇಕು. ತೇವಕ್ಕೆ ಧೂಳು ಅಂಟಿ ಪದರವಾಗುತ್ತದೆ, ಬಚ್ಚಲೊಲೆಯ ಹೊಗೆ ತಾಕುವ ಮನೆಯಾದರೆ ಅದರ ಮೇಲೆ ಜಿಡ್ಡು ಬೇರೆ. ಬರೀ ಬ್ಲೋವರ್ ಗಾಳಿಗೆ ಹೋಗುವುದಿಲ್ಲ, ಬ್ರಷ್ ಬೇಕು. ಬ್ಲೋವರ್ ಬಿಡುವಾಗ ಫ್ಯಾನ್ ತಿರುಗದಂತೆ ಬೆರಳಲ್ಲಿ ಹಿಡಿಯಿರಿ, ಇಲ್ಲವಾದರೆ ಬೇರಿಂಗ್ ಹಾಳಾಗುತ್ತದೆ. ಶುಚಿ ಮಾಡಿದ ಮೇಲೆ ಸಿನಿಬೆಂಚ್ ಹತ್ತು ನಿಮಿಷ ಓಡಿಸಿ ಕೋಣೆಗೂ ಪ್ರೊಸೆಸರ್‌ಗೂ ಇರುವ ವ್ಯತ್ಯಾಸ ಮತ್ತೆ ಅಳೆಯಿರಿ. ಮೊದಲಿನ ಅಂಕಿಗಿಂತ 5 ಡಿಗ್ರಿ ಹೆಚ್ಚು ಬಂದರೆ ಸೆಟ್ಟಿಂಗ್ ಮುಟ್ಟಬೇಡಿ, ಪೇಸ್ಟ್ ಬದಲಿಸಿ.