ಪಕ್ಕದ ಸೀಟಿನಲ್ಲಿ ಬ್ರೇಕ್ ಇರಲಿಲ್ಲ

ಅಣ್ಣ ನನ್ನನ್ನು ಬೈಯಲಿಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಮೂವತ್ತನಾಲ್ಕನೇ ವಯಸ್ಸಿನಲ್ಲಿ ಕಾರು ಕಲಿಯಲು ಹೊರಟ ತಂಗಿಗಾಗಿ ಬೆಳಗ್ಗೆ ಆರಕ್ಕೇ ಎದ್ದು ಬಂದು ಪಕ್ಕದಲ್ಲಿ ಕೂತವನು ಅವನು. ಬಾಯಿಂದ ಒಂದೇ ಒಂದು ಗಟ್ಟಿ ಮಾತು ಬರಲಿಲ್ಲ. ಆದರೆ ಅವನ ಬಲಗಾಲು ಸುಮ್ಮನಿರಲಿಲ್ಲ.

ಮುಂದೆ ಒಂದು ತಿರುವು ಕಂಡರೆ ಸಾಕು, ಆ ಕಾಲು ಕೆಳಗಿನ ಮ್ಯಾಟನ್ನು ಗಟ್ಟಿಯಾಗಿ ಒತ್ತುತ್ತಿತ್ತು. ಅಲ್ಲಿ ಬ್ರೇಕ್ ಇಲ್ಲ. ಆದರೂ ಒತ್ತುತ್ತಿದ್ದ. ಎಡಗೈ ಬಾಗಿಲಿನ ಮೇಲಿನ ಹಿಡಿಯನ್ನು ಬಿಟ್ಟಿರಲೇ ಇಲ್ಲ. ನಾನು ಅರ್ಧ ಗಮನ ರಸ್ತೆ ಮೇಲೆ, ಇನ್ನರ್ಧ ಆ ಕಾಲಿನ ಮೇಲೆ ಇಟ್ಟುಕೊಂಡು ಗಾಡಿ ಓಡಿಸುತ್ತಿದ್ದೆ.

ಏರಿನಲ್ಲಿ ನಿಲ್ಲಿಸಿ ಮತ್ತೆ ಹೊರಡುವುದು ಅವತ್ತಿನ ಪಾಠ. ಕ್ಲಚ್ಚನ್ನು ಮೆಲ್ಲಗೆ ಬಿಡುತ್ತಾ ಬಂದರೆ ಗಾಡಿಯ ಮೂತಿ ಒಂಚೂರು ಎದ್ದ ಹಾಗಾಗುತ್ತದೆ, ಸ್ಟೀರಿಂಗ್ ಸಣ್ಣಗೆ ನಡುಗುತ್ತದೆ. ಆಗ ಆಕ್ಸಿಲರೇಟರ್ ಸ್ವಲ್ಪ ಕೊಟ್ಟು ಹ್ಯಾಂಡ್‌ಬ್ರೇಕ್ ಇಳಿಸಬೇಕು. ನನಗೆ ಇದೆಲ್ಲ ಗೊತ್ತಿತ್ತು. ಆ ನಡುಕ ಕಾಲಿಗೆ ತಾಗಿದ್ದೂ ನಿಜ. ಅಷ್ಟರಲ್ಲಿ ಪಕ್ಕದ ಹಿಡಿ ಕಿರ್ ಅಂತು. ನನ್ನ ಎಡಗಾಲು ತಟ್ಟನೆ ಮೇಲೆ ಬಂತು. ಇಂಜಿನ್ ಆಫ್.

ಎರಡನೇ ಸಲವೂ ಹಾಗೇ ಆಯಿತು. ಮೂರನೇ ಸಲ ಇಂಜಿನ್ ಇನ್ನೂ ಓಡುತ್ತಿತ್ತು, ಅಣ್ಣ ಆಗಲೇ "ಪರವಾಗಿಲ್ಲ ಬಿಡೆ, ಎಲ್ರಿಗೂ ಆಗುತ್ತೆ" ಅಂದುಬಿಟ್ಟ. ಆಮೇಲೆ ಅದು ಆಫ್ ಆಯಿತು. ಆ ಕ್ರಮ ನನಗೆ ಇವತ್ತಿಗೂ ಚೆನ್ನಾಗಿ ನೆನಪಿದೆ. ಸಮಾಧಾನ ಮೊದಲು ಬಂತು, ತಪ್ಪು ಆಮೇಲೆ.

ಸಂಜೆ ಅವನಿಗೆ ಬೇರೆ ಕೆಲಸವಿತ್ತು. ಅತ್ತಿಗೆ ಬಂದು ಕೂತರು. ಬೆಲ್ಟ್ ಹಾಕಿಕೊಂಡು, "ನೀನು ಹೊರಡು, ನಾನೊಂದು ಫೋನ್ ಮಾಡ್ಬೇಕು" ಅಂದರು. ಅದೇ ಕಾರು, ಅದೇ ಏರು. ಅವರು ತಮ್ಮ ತಂಗಿಯ ಜೊತೆ ಯಾವುದೋ ಕಳೆದುಹೋದ ರಸೀದಿಯ ವಿಚಾರ ಮಾತಾಡುತ್ತಿದ್ದರು. ಮೂತಿ ಎದ್ದಿತು, ಸ್ಟೀರಿಂಗ್ ನಡುಗಿತು, ನಾನು ಹ್ಯಾಂಡ್‌ಬ್ರೇಕ್ ಇಳಿಸಿದೆ. ಗಾಡಿ ಹತ್ತಿತು. ಅವರ ಮಾತು ಒಂದು ಕ್ಷಣವೂ ನಿಲ್ಲಲಿಲ್ಲ.

ಬೆಳಗ್ಗೆ ಮಾಡಿದ ಅಭ್ಯಾಸ ಸಂಜೆ ಕೈಹಿಡಿಯಿತು ಅಂತ ಅಂದುಕೊಂಡೆ. ಆದರೆ ಮರುದಿನ ಬೆಳಗ್ಗೆ ಅಣ್ಣ ಮತ್ತೆ ಬಂದ. ಮತ್ತೆ ಎರಡು ಸಲ ಆಫ್ ಆಯಿತು.

ನಂಬಿಕೆ ಅಂದರೆ ಬೆನ್ನು ತಟ್ಟುವುದು, "ನಿನ್ನಿಂದ ಆಗುತ್ತೆ" ಅನ್ನುವುದು ಅಂತ ತಿಳಿದಿದ್ದವಳು ನಾನು. ಅತ್ತಿಗೆ ಅದ್ಯಾವುದನ್ನೂ ಮಾಡಲಿಲ್ಲ. ಅವರು ನನ್ನ ಕಡೆ ನೋಡಲೇ ಇಲ್ಲ, ಅಷ್ಟೇ. ಗಾಡಿ ಹತ್ತುತ್ತದೆ ಅನ್ನುವುದು ಅವರಿಗೆ ಯೋಚಿಸಬೇಕಾದ ವಿಷಯವೇ ಆಗಿರಲಿಲ್ಲ. ಅಣ್ಣನಿಗೆ ನನ್ನ ಮೇಲೆ ಪ್ರೀತಿ ಜಾಸ್ತಿ, ಭಯವೂ ಜಾಸ್ತಿ. ಆ ಭಯ ಅವನ ಪಾದದಿಂದ ನನ್ನ ಪಾದಕ್ಕೆ ದಾಟಿತು.

ಇಷ್ಟಕ್ಕೇ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳು. ಆ ವಾರವೆಲ್ಲ ಒಂದೇ ಪ್ರಶ್ನೆ ತಲೆ ತಿನ್ನುತ್ತಿತ್ತು: ಕ್ಲಾಸಿನಲ್ಲಿ ನನ್ನ ಕಾಲು ಎಲ್ಲಿದೆ?

ಬಿ.ಎಡ್ ಓದುವಾಗ ರೋಸೆಂತಾಲ್ ಮತ್ತು ಜೇಕಬ್ಸನ್ ಎಂಬ ಅಮೆರಿಕದ ಇಬ್ಬರು ಸಂಶೋಧಕರ ಪ್ರಯೋಗದ ಬಗ್ಗೆ ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದೆ. 1964ರಲ್ಲಿ ಕ್ಯಾಲಿಫೋರ್ನಿಯಾದ ಒಂದು ಪ್ರಾಥಮಿಕ ಶಾಲೆಯಲ್ಲಿ ಮಕ್ಕಳಿಗೆ ಒಂದು ಪರೀಕ್ಷೆ ಕೊಟ್ಟರು. ಆಮೇಲೆ, ಸುಮಾರು ನೂರಕ್ಕೆ 20 ಮಕ್ಕಳ ಹೆಸರು ಹೇಳಿ, ಇವರು ಈ ವರ್ಷ ಚೆನ್ನಾಗಿ ಮುಂದೆ ಬರುತ್ತಾರೆ ಅಂತ ಟೀಚರುಗಳಿಗೆ ತಿಳಿಸಿದರು. ನಿಜಕ್ಕೂ ಆ ಹೆಸರುಗಳನ್ನು ಚೀಟಿ ಎತ್ತಿದ ಹಾಗೆ ಆರಿಸಿದ್ದರು. ವರ್ಷದ ಕೊನೆಯಲ್ಲಿ, ಒಂದನೇ ಮತ್ತು ಎರಡನೇ ಕ್ಲಾಸಿನಲ್ಲಿ ಆ ಮಕ್ಕಳು ಉಳಿದವರಿಗಿಂತ ಮುಂದಿದ್ದರು. ದೊಡ್ಡ ಕ್ಲಾಸುಗಳಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಆಮೇಲೆ ಇದರ ಮೇಲೆ ಬೇಕಾದಷ್ಟು ಜಗಳವೂ ಆಯಿತು. ಇಂಥ 18 ಪ್ರಯೋಗಗಳನ್ನು ಒಟ್ಟಿಗಿಟ್ಟು ನೋಡಿದ ಸಂಶೋಧಕ ರಾಡೆನ್‌ಬುಷ್ 1984ರಲ್ಲಿ ಬರೆದದ್ದು ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುತ್ತದೆ: ಟೀಚರಿಗೆ ಮಗುವಿನ ಪರಿಚಯ ಎರಡು ವಾರಕ್ಕಿಂತ ಹೆಚ್ಚು ಆಗಿದ್ದರೆ, ಹೊರಗಿನವರ ಮಾತು ಹೆಚ್ಚುಕಡಿಮೆ ಕೆಲಸ ಮಾಡುವುದೇ ಇಲ್ಲ. ಪರಿಚಯ ಬೆಳೆಯುವ ಮೊದಲೇ ಕಿವಿಗೆ ಬಿದ್ದ ಮಾತು ಮಾತ್ರ ನಾಟುತ್ತದೆ.

ನನ್ನ ಕಿವಿಗೆ ಒಂದು ಮಾತು ಹಾಗೇ ಬಿದ್ದಿತ್ತು. ಜೂನ್‌ನಲ್ಲಿ, ಕ್ಲಾಸಿಗೆ ಕಾಲಿಡುವ ಮೊದಲು, ಸ್ಟಾಫ್ ರೂಮಿನಲ್ಲಿ ಒಬ್ಬರು ಹಾಜರಿ ಪುಸ್ತಕದ ಒಂದು ಹೆಸರಿನ ಮೇಲೆ ಬೆರಳಿಟ್ಟು, "ಇವನ ಹಿಂದೆ ಜಾಸ್ತಿ ಟೈಮ್ ಹಾಕ್ಬೇಡಿ" ಅಂದಿದ್ದರು. ಅವನು ಹಿಂದಿನಿಂದ ಎರಡನೇ ಬೆಂಚಿನ ಹುಡುಗ.

ನಾನು ಫೋನನ್ನು ಮೇಜಿನ ಮೇಲಿಟ್ಟು ನನ್ನದೇ ಪಾಠ ರೆಕಾರ್ಡ್ ಮಾಡಿಕೊಂಡೆ. ಈ ಉಪಾಯ ನನ್ನದಲ್ಲ. ಮೇರಿ ಬಡ್ ರೋ ಎಂಬ ಅಮೆರಿಕದ ಶಿಕ್ಷಣ ತಜ್ಞೆ ವಿಜ್ಞಾನ ಪಾಠಗಳ ಟೇಪುಗಳನ್ನು ಕೇಳಿ, ಪ್ರಶ್ನೆ ಕೇಳಿದ ಮೇಲೆ ಟೀಚರುಗಳು ಎಷ್ಟು ಹೊತ್ತು ಕಾಯುತ್ತಾರೆ ಅಂತ ಅಳೆದಿದ್ದರು. ಸಾಮಾನ್ಯವಾಗಿ ಒಂದೇ ಸೆಕೆಂಡ್. ಜಾಣರು ಅಂದುಕೊಂಡ ಮಕ್ಕಳಿಗೆ ಸ್ವಲ್ಪ ಜಾಸ್ತಿ, ಉಳಿದವರಿಗೆ ಇನ್ನೂ ಕಡಿಮೆ. ಮೂರು ಸೆಕೆಂಡ್ ಕಾದರೆ ಉತ್ತರ ಉದ್ದವಾಗುತ್ತಿತ್ತು, ಬಾಯಿಬಿಡದ ಮಕ್ಕಳು ಬಾಯಿಬಿಡುತ್ತಿದ್ದರು.

ರಾತ್ರಿ ಮನೆಯಲ್ಲಿ ಗಡಿಯಾರ ಹಿಡಿದು ಕೇಳಿಸಿಕೊಂಡೆ. ಮೊದಲ ಬೆಂಚಿನ ಹುಡುಗಿಯನ್ನು ಕೇಳಿದ ಪ್ರಶ್ನೆ: ಎರಡು ಸಂಖ್ಯೆ, ಕೂಡಿದರೆ 15, ಕಳೆದರೆ 3, ಯಾವುವು? ನಾಲ್ಕು ಸೆಕೆಂಡ್ ಮೌನ. ಅವಳು ತಪ್ಪು ಹೇಳಿದಳು. "ಹತ್ರ ಬಂದಿದ್ದೀಯ, ಇನ್ನೊಂದ್ಸಲ ನೋಡು" ಅಂತ ನನ್ನ ದನಿ. ಮತ್ತೆ ಮೂರು ಸೆಕೆಂಡ್. 9 ಮತ್ತು 6 ಅಂದಳು.

ಆಮೇಲೆ ಆ ಹುಡುಗನ ಸರದಿ. ಕೂಡಿದರೆ 20, ಕಳೆದರೆ 4. ಪ್ರಶ್ನೆ ಮುಗಿಯಿತು. ಅವನು ಎದ್ದು ನಿಂತ ಬೆಂಚಿನ ಸದ್ದು. ಆ ಸದ್ದು ನಿಲ್ಲುವ ಮೊದಲೇ ನನ್ನ ದನಿ, ಮೆತ್ತಗೆ, ಪ್ರೀತಿಯಿಂದ: "ಪರವಾಗಿಲ್ಲ, ಕೂತ್ಕೋ."

ಎಂಟು ಸಲ ಹಿಂದಕ್ಕೆ ಹೋಗಿ ಕೇಳಿದೆ. ಒಂದು ಸೆಕೆಂಡ್ ಕೂಡ ಇಲ್ಲ. ಅವನು ಉಸಿರು ಎಳೆದುಕೊಂಡದ್ದು ಕೇಳಿಸುತ್ತದೆ. ಮಾತಾಡುವವರು ಎಳೆದುಕೊಳ್ಳುವ ಉಸಿರು ಅದು. ನಾನು ಅವನನ್ನು ಬೈದಿರಲಿಲ್ಲ. ಅದೇ ನನಗೆ ತುಂಬಾ ನೋವು ಕೊಟ್ಟಿತು. ಬೈದಿದ್ದರೆ ಅವನಿಗೆ ಸಿಟ್ಟಾದರೂ ಬರುತ್ತಿತ್ತು. ಕನಿಕರದ ಮೇಲೆ ಹೇಗೆ ಸಿಟ್ಟು ಮಾಡಿಕೊಳ್ಳೋದು, ಅಲ್ವಾ? ಆ ರಾತ್ರಿ ನಿದ್ದೆ ಬರಲಿಲ್ಲ. ಜೂನ್‌ನಿಂದ ಎಷ್ಟು ಸಲ ಹೀಗೆ ಕೂರಿಸಿರಬಹುದು ಅಂತ ಲೆಕ್ಕ ಹಾಕುತ್ತಾ ಮಲಗಿದ್ದೆ.

ಸೋಮವಾರ ಅವನನ್ನು ಕೇಳಿದೆ. ಕೂಡಿದರೆ 25, ಕಳೆದರೆ 7. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಮನಸ್ಸಿನಲ್ಲೇ ಎಣಿಸಿದೆ. ಒಂದು. ಎರಡು. ಮೂರು ಸೆಕೆಂಡ್ ಎಷ್ಟು ಉದ್ದ ಅನ್ನೋದು ನಿಂತವರಿಗೇ ಗೊತ್ತು. ಅವನು ನನ್ನ ಮುಖ ನೋಡುತ್ತಿದ್ದ, ಕೂತ್ಕೋ ಅನ್ನುವ ಮಾತಿಗೆ ಕಾಯುತ್ತಾ ಮೊಣಕಾಲು ಆಗಲೇ ಅರ್ಧ ಬಗ್ಗಿತ್ತು. ನಾನು ಕಿಟಕಿಯ ಕಡೆ ತಿರುಗಿದೆ. ಅತ್ತಿಗೆ ನೆನಪಾದರು.

ನಾಲ್ಕು. ಐದು. ಮುಂದಿನ ಬೆಂಚುಗಳಲ್ಲಿ ಕೈಗಳು ಎದ್ದವು. "ನಾನು ಹೇಳ್ಲಾ ಮಿಸ್, ನಾನು?"

ಹಿಂದಿನಿಂದ ದನಿ ಬಂತು. "ಇರ್ರೋ. ನಾನೇ ಹೇಳ್ತೀನಿ."